ಉಪ್ಪುನೀರಿನ ಈಜುಕೊಳ: ನೀರಿನ ಶುದ್ಧತೆಯ ರಕ್ಷಣೆ

ಕೋಲ್ಕತ್ತ ನಗರಕ್ಕೂ ಈಜಿಗೂ ಹಳೆಯ ನಂಟು. ಹೆದುವಾ ಮತ್ತು ಕಾಲೇಜ್ ಸ್ಕ್ವೇರ್‌ನ ಕೊಳಗಳಲ್ಲಿ ಈಜು ಸಂಘಗಳು ಬೆಳೆದವು. 1959ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದ ಪ್ರಥಮ ಏಷ್ಯನ್ ಮಹಿಳೆ ಆರತಿ ಸಾಹಾ ಇಲ್ಲಿಯವರೇ. ಇಂತಹ ನಗರದಲ್ಲಿ ಉಪ್ಪುನೀರಿನ ಕೊಳವನ್ನು ನಿರ್ವಹಿಸುವವರು ಮುಖ್ಯವಾಗಿ ಅರಿಯಬೇಕಾದುದು ಇಷ್ಟು: ಉಪ್ಪು ತಾನಾಗಿಯೇ ನೀರನ್ನು ಶುದ್ಧಗೊಳಿಸದು.

ಲೀಟರಿಗೆ ಸುಮಾರು 3ರಿಂದ 4 ಗ್ರಾಂ ಉಪ್ಪು ಬೆರೆತ ನೀರು ವಿದ್ಯುತ್ ಕೋಶದ ಮೂಲಕ ಹಾಯುವಾಗ ಕ್ಲೋರೀನ್ ಉತ್ಪತ್ತಿಯಾಗುತ್ತದೆ. ರೋಗಾಣುಗಳನ್ನು ನಾಶಪಡಿಸುವುದು ಈ ಕ್ಲೋರೀನ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮುಂಗಾರು ಮಳೆಯಿಂದ ಬಯಲಿನ ಕೊಳ ತುಂಬಿ ಹರಿದು, ಉಪ್ಪಿನ ಪ್ರಮಾಣ ತಗ್ಗುತ್ತದೆ. ಆಗ ಕ್ಲೋರೀನ್ ಸಾಲದೆ ಪಾಚಿ ಬೆಳೆದು ನೀರು ಮಬ್ಬಾಗುತ್ತದೆ.

ಪರಿಹಾರಕ್ಕೆ ಮೊದಲು ಪರೀಕ್ಷೆ ನಡೆಯಬೇಕು. ಮುಕ್ತ ಕ್ಲೋರೀನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ, ರಸಸಾರ, ಅಂದರೆ ಪಿ.ಎಚ್. ಮೌಲ್ಯ, 7.2ರಿಂದ 7.8 ಇರುವುದು ಯುಕ್ತ. ಕೋಶ ಕೆಲಸ ಮಾಡಿದಂತೆ ರಸಸಾರ ಏರುತ್ತದೆ. ಏರಿದರೆ ಕ್ಲೋರೀನ್ ಇದ್ದೂ ಅದರ ಶಕ್ತಿ ಕುಂದುತ್ತದೆ. ಆದುದರಿಂದ ಮೊದಲು ಆಮ್ಲದಿಂದ ರಸಸಾರವನ್ನು ತಗ್ಗಿಸಿ, ಅನಂತರ ಉಪ್ಪಿನ ಕೊರತೆಯನ್ನು ತುಂಬಬೇಕು. ಕೋಶದ ಫಲಕಗಳಿಗೆ ಅಂಟಿದ ಸುಣ್ಣದ ಪದರವನ್ನು ತೆಗೆಯಬೇಕು. ಆಮ್ಲವನ್ನೂ ಬ್ಲೀಚಿಂಗ್ ಪುಡಿಯನ್ನೂ ಎಂದಿಗೂ ಒಟ್ಟಿಗೆ ಬೆರೆಸಬಾರದು, ವಿಷಾನಿಲ ಹೊರಹೊಮ್ಮುತ್ತದೆ.

ಕಣ್ಣುರಿಸುವ ಗಾಢ ವಾಸನೆಯು ಕ್ಲೋರೀನ್ ಹೆಚ್ಚಾದುದರ ಗುರುತೆಂಬುದು ತಪ್ಪು ತಿಳಿವಳಿಕೆ. ಬೆವರು, ಮೂತ್ರಗಳೊಡನೆ ಕೂಡಿ ಕ್ಲೋರೀನ್ ವ್ಯಯವಾದುದನ್ನು ಅದು ಸೂಚಿಸುತ್ತದೆ. ನೀರಿಗಿಳಿಯುವ ಮುನ್ನ ಎಲ್ಲರೂ ಸ್ನಾನ ಮಾಡುವುದು ಇದಕ್ಕೆ ಸುಲಭ ಉಪಾಯ.

ತಳ ಕಾಣದ ಕೊಳದಲ್ಲಿ ಮುಳುಗುತ್ತಿರುವ ಮಗುವೂ ಕಾಣದು. ನೀರು ತಿಳಿಯಾಗುವವರೆಗೆ ಕೊಳವನ್ನು ಮುಚ್ಚಿಡುವುದು ನಿರ್ವಾಹಕರ ಕರ್ತವ್ಯ.