ಇಳಿಜಾರಿನ ಗೂಟ ಎಲ್ಲಿ ನೆಡಬೇಕು?

ಪ್ರಶ್ನೆ: ಮಾರತ್ತಹಳ್ಳಿ ಬಳಿ ಕಾಲುವೆ ಕಾಮಗಾರಿಯಲ್ಲಿ ಸರ್ವೇಯರ್ ಆಗಿದ್ದೇನೆ. ಸಾಫ್ಟ್‌ವೇರ್ ತೋರಿಸುವ ಇಳಿಜಾರಿನ ಅಂಚು ನೆಲಕ್ಕೆ ಹೊಂದುತ್ತಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಟೋಟಲ್ ಸ್ಟೇಷನ್‌ನಿಂದ ಇನ್ನೊಂದು ಬೆಂಚ್‌ಮಾರ್ಕ್ ಅಳೆದು ತಾಳೆ ನೋಡಿ. ಪ್ರಿಸಂ ಎತ್ತರ ತಪ್ಪಾಗಿ ನಮೂದಾಗಿದ್ದರೂ ಅಂಚು ಸರಿಯುತ್ತದೆ. ಎರಡೂ ಸರಿಯಿದ್ದರೆ, ಸಾಫ್ಟ್‌ವೇರ್‌ನಲ್ಲಿರುವುದು ಹಳೆಯ ನೆಲಮಟ್ಟ ಇರಬಹುದು, ಈಗಿನದನ್ನೇ ಅಳೆಯಿರಿ.

ಅಂಚಿನ ಲೆಕ್ಕಕ್ಕೆ ಒಂದು ಉದಾಹರಣೆ: ಕಾಲುವೆ ತಳದ ಅರ್ಧ ಅಗಲ 3 ಮೀಟರ್. ಇಳಿಜಾರು 1 ಮೀಟರ್ ಎತ್ತರಕ್ಕೆ 2 ಮೀಟರ್ ಅಡ್ಡ. ಪ್ರಿಸಂ ಇಟ್ಟ ನೆಲ ತಳಕ್ಕಿಂತ 2 ಮೀಟರ್ ಮೇಲಿದ್ದರೆ ಅಂಚು ಮಧ್ಯರೇಖೆಯಿಂದ 7 ಮೀಟರ್. ನೀವು 6ರಲ್ಲಿದ್ದರೆ ಹೊರಗೆ ಸರಿದು, ಅಳೆದ ದೂರವೂ ಲೆಕ್ಕದ ದೂರವೂ ಹೊಂದುವವರೆಗೆ ಮತ್ತೆ ಅಳೆಯಿರಿ; ಗೂಟ ಅಲ್ಲಿ ನೆಡಿ. ಅಗೆಯುವಾಗ ಅಂಚಿನ ಗೂಟ ಹೋಗುತ್ತದೆ. ಹೊರಗೊಂದು ಸಾಕ್ಷಿ ಗೂಟ ನೆಡಿ.

ಅಂಚು ಪಕ್ಕದ ಕಾಂಪೌಂಡ್‌ಗೆ ತಾಗಿದರೆ ಇಳಿಜಾರನ್ನು ನೀವೇ ಕಡಿದಾಗಿಸಬೇಡಿ, ವಿನ್ಯಾಸ ಎಂಜಿನಿಯರ್‌ಗೆ ತಿಳಿಸಿ. ಮಣ್ಣು ಕುಸಿದರೆ, ನೀರು ಜಿನುಗಿದರೆ ಕೆಲಸ ನಿಲ್ಲಿಸಿ ಮಣ್ಣು ತಜ್ಞರನ್ನು ಕರೆಸಿ.