ಹವ್ಯಾಸ ಮತ್ತು ಆರೋಗ್ಯ: ಮೊಬೈಲ್ ಆಟ, ಸ್ಕೌಟ್ ಸೇವೆ ಹಾಗೂ ತರುಣರ ನಿದ್ರೆ

ಆಹಾರ, ನಿದ್ರೆ, ಬ್ರಹ್ಮಚರ್ಯ ಈ ಮೂರನ್ನು ಚರಕಾಚಾರ್ಯರು ಶರೀರದ ಉಪಸ್ತಂಭಗಳೆಂದು ಕರೆದಿದ್ದಾರೆ. ಮನೆಗೆ ಕಂಬಗಳು ಹೇಗೋ ದೇಹಕ್ಕೆ ಇವು ಹಾಗೆ. ಮಕ್ಕಳ ಊಟದ ವಿಷಯದಲ್ಲಿ ತಂದೆತಾಯಿಗಳು ತೋರುವ ಕಾಳಜಿಯ ಅರ್ಧದಷ್ಟನ್ನಾದರೂ ಅವರ ನಿದ್ರೆಯ ವಿಷಯದಲ್ಲಿ ತೋರಿದರೆ, ಇಂದಿನ ಅನೇಕ ವ್ಯಾಧಿಗಳು ಮನೆಯ ಬಾಗಿಲಲ್ಲೇ ನಿಲ್ಲುತ್ತವೆ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಿಂದ ಚಿಕಿತ್ಸೆಗೆ ಬರುವ ಕಾಲೇಜು ವಿದ್ಯಾರ್ಥಿಗಳ ದೂರುಗಳು ಬಹುಮಟ್ಟಿಗೆ ಒಂದೇ ಬಗೆಯವು: ತಲೆನೋವು, ಕಣ್ಣುರಿ, ಮಲಬದ್ಧತೆ, ಬೆಳಗಿನ ಹೊತ್ತು ಹಸಿವಿಲ್ಲದಿರುವುದು, ಕುತ್ತಿಗೆ ಮತ್ತು ಹೆಬ್ಬೆರಳಿನ ಬುಡದ ನೋವು. ರಾತ್ರಿ ಎಷ್ಟು ಗಂಟೆಗೆ ಮಲಗುವೆ ಎಂದು ಕೇಳಿದರೆ ಉತ್ತರ ಬರುವುದು ಪಕ್ಕದಲ್ಲಿ ಕುಳಿತ ತಾಯಿಯಿಂದ.

ಪದವಿ ಎರಡನೆಯ ವರ್ಷದ ಒಬ್ಬ ತರುಣನ ವಿಷಯವನ್ನು ಹೆಸರು, ಊರು ಹೇಳದೆ ಇಲ್ಲಿ ಉದಾಹರಿಸುತ್ತೇನೆ. ಅವನಿಗೆ ಎರಡು ಹವ್ಯಾಸಗಳಿದ್ದವು. ರಾತ್ರಿ ಹತ್ತರಿಂದ ಎರಡರವರೆಗೆ ಗೆಳೆಯರೊಡನೆ ಮೊಬೈಲಿನಲ್ಲಿ ವಿಡಿಯೋ ಗೇಮ್. ಭಾನುವಾರ ಮತ್ತು ರಜಾದಿನಗಳಲ್ಲಿ ಕಾಲೇಜಿನ ರೋವರ್ಸ್ ಘಟಕದೊಡನೆ ಸ್ಕೌಟ್ ಸೇವೆ. ಅಂಕಗಳು ಕಡಿಮೆಯಾದಾಗ ಮನೆಯವರು ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು, ಇನ್ನು ಹವ್ಯಾಸಗಳು ಸಾಕೆಂದು ನಿಶ್ಚಯಿಸಿದರು. ಸಮವಸ್ತ್ರ ಪೆಟ್ಟಿಗೆ ಸೇರಿತು. ಮೊಬೈಲು ಮಾತ್ರ, ಕಾಲೇಜಿನ ಸೂಚನೆಗಳೆಲ್ಲ ಅದರಲ್ಲೇ ಬರುವುದರಿಂದ, ಅವನ ಕೈಯಲ್ಲೇ ಉಳಿಯಿತು. ಹೀಗೆ ದೇಹಕ್ಕೆ ಹಿತವಾದ ಹವ್ಯಾಸ ನಿಂತು, ಅಹಿತವಾದದ್ದು ಮುಂದುವರಿಯಿತು. ಎರಡು ತಿಂಗಳಲ್ಲಿ ಅವನು ಮೇಲೆ ಹೇಳಿದ ದೂರುಗಳೆಲ್ಲವನ್ನೂ ಹೊತ್ತು ಬಂದನು.

ಹವ್ಯಾಸವನ್ನು ಅಂಕಪಟ್ಟಿಯಿಂದ ಅಳೆಯಬಾರದು. ಮರುದಿನ ಬೆಳಗ್ಗೆ ಅದು ದೇಹದಲ್ಲಿ ಏನನ್ನು ಉಳಿಸುತ್ತದೆ ಎಂಬುದರಿಂದ ಅಳೆಯಬೇಕು. ಹಸಿವು, ಮಲಪ್ರವೃತ್ತಿ, ಕಣ್ಣಿನ ತಿಳಿ, ಮನಸ್ಸಿನ ಉತ್ಸಾಹ ಈ ನಾಲ್ಕನ್ನು ನೋಡಿದರೆ ಸಾಕು. ಈ ಲೇಖನದ ತಾತ್ಪರ್ಯವೂ ಇಷ್ಟೇ.

ಆಟ ಏಕೆ ಹಿಡಿದಿಡುತ್ತದೆ?

ಆಟವೆಂಬುದು ಸ್ವತಃ ದೋಷವಲ್ಲ. ಚೌಕಾಬಾರ, ಅಳಗುಳಿಮಣೆ ಆಡಿಯೇ ನಮ್ಮ ಹಿರಿಯರು ಮಳೆಗಾಲ ಕಳೆದರು. ಆದರೆ ಆ ಆಟಗಳು ದೀಪ ಆರಿದಾಗ ಮುಗಿಯುತ್ತಿದ್ದವು. ಇಂದಿನ ಆಟಕ್ಕೆ ಕೊನೆಯಿಲ್ಲ. ಒಂದು ಪಂದ್ಯ ಸುಮಾರು ಅರ್ಧ ಗಂಟೆ, ನಾಲ್ವರ ತಂಡ, ನಡುವೆ ಎದ್ದರೆ ಉಳಿದ ಮೂವರಿಗೆ ಸೋಲು. ಗೆದ್ದರೆ ಮೇಲಿನ ಶ್ರೇಣಿ, ಸೋತರೆ ಮತ್ತೊಮ್ಮೆ ಆಡುವ ಹಟ. ತಾಯಿ ಕರೆದಾಗ ಮಗ ಓಗೊಡದಿರುವುದು ಯಾವಾಗಲೂ ಉದ್ಧಟತನವಲ್ಲ. ಅವನು ಗೆಳೆಯರಿಗೆ ಮಾತು ಕೊಟ್ಟಿದ್ದಾನೆ. "ಈಗಲೇ ಇಡು" ಎನ್ನುವುದಕ್ಕಿಂತ "ಈ ಪಂದ್ಯ ಮುಗಿದೊಡನೆ ಏಳು" ಎಂದರೆ ಮಾತು ನಡೆಯುತ್ತದೆ.

ನಿಷೇಧವೊಂದೇ ಪರಿಹಾರವಲ್ಲ ಎಂಬುದನ್ನು ನಾವು ಕಂಡಿದ್ದೇವೆ. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರವು ಪಬ್ಜಿ ಮೊಬೈಲ್ ಆಟವನ್ನು ತಡೆಹಿಡಿಯಿತು. 2021ರಲ್ಲಿ ಅದೇ ಬಗೆಯ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಬಂದಿತು. ಹಣವನ್ನು ಪಣವಿಡುವ ಆಟಗಳ ವಿಷಯ ಬೇರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು ಆನ್‌ಲೈನ್ ಹಣದಾಟಗಳನ್ನು ನಿಷೇಧಿಸಿದೆ. ಅವುಗಳ ಬಗ್ಗೆ ಮನೆಯಲ್ಲಿ ಸಡಿಲಿಕೆ ಇರಕೂಡದು.

ದೇಹದಲ್ಲಿ ಆಗುವುದೇನು?

ಇಂದ್ರಿಯಗಳು ತಮ್ಮ ವಿಷಯಗಳೊಡನೆ ಅತಿಯಾಗಿ, ಹೀನವಾಗಿ ಅಥವಾ ವಿಪರೀತವಾಗಿ ಕೂಡುವುದು ರೋಗಕಾರಣಗಳಲ್ಲಿ ಒಂದೆಂದು ಆಯುರ್ವೇದ ಹೇಳುತ್ತದೆ. ಕತ್ತಲೆಯ ಕೋಣೆಯಲ್ಲಿ ಹೊಳೆಯುವ ಪರದೆಯನ್ನು ಗೇಣುದೂರದಿಂದ ಗಂಟೆಗಟ್ಟಲೆ ನೋಡುವುದು ಕಣ್ಣಿಗೆ ಅತಿಯೋಗ. ಹಾಗೆ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ರಾತ್ರಿಯ ಬೆಳಕು ನಿದ್ರೆ ತರುವ ಮೆಲಟೋನಿನ್ ಎಂಬ ರಸದೂತವನ್ನು ಕುಗ್ಗಿಸುತ್ತದೆಂದು ಆಧುನಿಕ ವಿಜ್ಞಾನವೂ ಹೇಳುತ್ತದೆ.

ಎರಡನೆಯದು ವೇಗಧಾರಣ. ತಡೆಯಬಾರದ ಹದಿಮೂರು ವೇಗಗಳನ್ನು ಚರಕಸಂಹಿತೆ ಎಣಿಸಿದೆ. ಆಟದಲ್ಲಿ ಮುಳುಗಿದವನು ಮೂತ್ರ, ಮಲ, ಹಸಿವು, ಬಾಯಾರಿಕೆ, ನಿದ್ರೆ ಈ ಐದನ್ನು ಒಂದೇ ರಾತ್ರಿಯಲ್ಲಿ ತಡೆಯುತ್ತಾನೆ. ಮಲಬದ್ಧತೆ, ತಲೆನೋವು, ಮೈಕೈ ನೋವು ಅದರ ಫಲ. ಇದನ್ನು ತಿಳಿಯದೆ ಔಷಧಿ ಅಂಗಡಿಯಿಂದ ಮಾತ್ರೆ ತಂದು ನುಂಗಿದರೆ ಮೂಲ ಹಾಗೆಯೇ ಉಳಿಯುತ್ತದೆ.

ಮೂರನೆಯದು ರಾತ್ರಿ ಜಾಗರಣೆ. ಅದು ದೇಹವನ್ನು ರೂಕ್ಷಗೊಳಿಸಿ ವಾತವನ್ನು ಕೆರಳಿಸುತ್ತದೆ. ಅದನ್ನು ಸರಿದೂಗಿಸಲು ಮಧ್ಯಾಹ್ನ ಊಟದ ಮೇಲೆ ಮಲಗಿದರೆ ಕಫ, ಪಿತ್ತಗಳು ಹೆಚ್ಚುತ್ತವೆ. ನಮ್ಮ ಭಾಗದ ಹೊಗೆಸೊಪ್ಪು ಬೆಳೆಗಾರರಿಗೆ ಜಾಗರಣೆ ಹೊಸದಲ್ಲ. ಸೊಪ್ಪು ಹದಮಾಡುವ ಕಾಲದಲ್ಲಿ ಬ್ಯಾರನ್ನಿನ ಬೆಂಕಿ ಕಾಯಲು ತಂದೆ ಎಚ್ಚರವಿರುತ್ತಾನೆ. ಒಳಗೆ ಮಗ ಮೊಬೈಲು ಹಿಡಿದು ಎಚ್ಚರವಿರುತ್ತಾನೆ. ಒಂದು ಕಾಯಕ, ಇನ್ನೊಂದು ವಿನೋದ. ಆದರೆ ದೇಹ ಎರಡಕ್ಕೂ ಒಂದೇ ಲೆಕ್ಕ ಬರೆಯುತ್ತದೆ. ಇಬ್ಬರಿಗೂ ಅನ್ವಯಿಸುವ ಸೂತ್ರವನ್ನು ವಾಗ್ಭಟಾಚಾರ್ಯರು ಹೇಳಿದ್ದಾರೆ: ರೂಢಿಯಿಲ್ಲದ ಜಾಗರಣೆಯಾದರೆ, ಎಚ್ಚರವಿದ್ದ ಕಾಲದ ಅರ್ಧದಷ್ಟನ್ನು ಮರುದಿನ ಬೆಳಗ್ಗೆ ಆಹಾರ ಸೇವಿಸುವ ಮೊದಲೇ ಮಲಗಬೇಕು. ಆದರೆ ಇದು ಅಪರೂಪದ ರಾತ್ರಿಗಳಿಗೆ ಹೇಳಿದ್ದು, ನಿತ್ಯದ ಅಭ್ಯಾಸಕ್ಕಲ್ಲ.

ಸ್ಕೌಟ್ ಸೇವೆ ಕೊಡುವುದೇನು?

1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ಅವರು ಬಾಲಕರ ಚಿಕ್ಕ ಗುಂಪಿನೊಡನೆ ನಡೆಸಿದ ಶಿಬಿರದಿಂದ ಈ ಚಳವಳಿ ಮೊದಲಾಯಿತು. ನಮ್ಮ ದೇಶದಲ್ಲಿ 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ರೂಪುಗೊಂಡಿತು. ಕನ್ನಡ ನಾಡಿನಲ್ಲಿ ಇದನ್ನು ಬೆಳೆಸಿದವರಲ್ಲಿ ಕೊಂಡಜ್ಜಿ ಬಸಪ್ಪನವರ ಹೆಸರು ಮುಖ್ಯವಾದದ್ದು. 2022ರ ಡಿಸೆಂಬರ್‌ನಲ್ಲಿ ಮೂಡುಬಿದಿರೆಯಲ್ಲಿ ನಡೆದ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಯನ್ನು ಅನೇಕರು ನೋಡಿರಬಹುದು. ಕಾಲೇಜು ವಯಸ್ಸಿನ ಹುಡುಗರಿಗೆ ರೋವರ್ಸ್, ಹುಡುಗಿಯರಿಗೆ ರೇಂಜರ್ಸ್ ಎಂಬ ಘಟಕಗಳಿವೆ. ರೋವರ್‌ಗಳ ಧ್ಯೇಯವಾಕ್ಯ ಒಂದೇ ಪದ: ಸೇವೆ.

ವೈದ್ಯನ ದೃಷ್ಟಿಯಿಂದ ನೋಡಿದರೆ, ತರುಣರು ಮೊಬೈಲಿನಲ್ಲಿ ಹುಡುಕುವುದೆಲ್ಲವೂ ಇಲ್ಲಿದೆ. ಅಲ್ಲಿ ತಂಡವಿದ್ದರೆ ಇಲ್ಲಿ ದಳವಿದೆ. ಅಲ್ಲಿ ಶ್ರೇಣಿಗಳಿದ್ದರೆ ಇಲ್ಲಿ ಪ್ರವೇಶ, ಪ್ರವೀಣ, ನಿಪುಣ, ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ ಎಂಬ ಮೆಟ್ಟಿಲುಗಳಿವೆ. ಅಲ್ಲಿ ನಕ್ಷೆ ಪರದೆಯ ಮೇಲಿದ್ದರೆ ಇಲ್ಲಿ ದಿಕ್ಸೂಚಿ ಹಿಡಿದು ಕಾಲಿನಿಂದಲೇ ನೆಲವನ್ನು ಅಳೆಯಬೇಕು. ವ್ಯತ್ಯಾಸವಿಷ್ಟೇ: ಇಲ್ಲಿ ಬೆವರು ಬರುತ್ತದೆ, ಹಸಿವಾಗುತ್ತದೆ, ರಾತ್ರಿ ನಿದ್ರೆ ತಾನಾಗಿ ಬರುತ್ತದೆ. ದೂರದ ಗುಡ್ಡವನ್ನೂ ಆಕಾಶವನ್ನೂ ನೋಡಿದ ಕಣ್ಣಿಗೆ ವಿಶ್ರಾಂತಿ ದೊರೆಯುತ್ತದೆ. ಜಾತ್ರೆಯಲ್ಲಿ ವೃದ್ಧರೊಬ್ಬರ ಕೈಹಿಡಿದು ದಾಟಿಸಿದವನಿಗೆ, ದಾಸೋಹದ ಪಂಕ್ತಿಯಲ್ಲಿ ನೀರು ಬಡಿಸಿದವನಿಗೆ, ತಾನು ಬೇಕಾದವನೆಂಬ ಭಾವ ಮೂಡುತ್ತದೆ. ಮನಸ್ಸಿಗೆ ಅದಕ್ಕಿಂತ ಮಿಗಿಲಾದ ರಸಾಯನ ಕಡಿಮೆ.

ಇಲ್ಲಿಯೂ ಅತಿ ಸಲ್ಲದು. ವ್ಯಾಯಾಮವನ್ನು ಅರ್ಧಶಕ್ತಿಗೆ ನಿಲ್ಲಿಸಬೇಕೆಂಬುದು ಶಾಸ್ತ್ರನಿಯಮ. ಶಿಬಿರಗಳಲ್ಲಿ ಕುದಿಸಿ ಆರಿಸಿದ ನೀರನ್ನೇ ಕುಡಿಯಬೇಕು. ಹೆಗ್ಗಡದೇವನಕೋಟೆ, ಹುಣಸೂರಿನ ಕಾಡಂಚಿಗೆ ಹೋಗಿ ಬಂದವರು ಉಣ್ಣೆ, ಜಿಗಣೆಗಳಿಗಾಗಿ ಮೈ ಪರೀಕ್ಷಿಸಿಕೊಂಡು ಬಿಸಿನೀರಿನ ಸ್ನಾನ ಮಾಡಬೇಕು.

ಬಿಡಿಸುವ ಕ್ರಮ

ಅಭ್ಯಾಸವಾದ ಅಹಿತವನ್ನು ಒಮ್ಮೆಲೇ ಬಿಡಬಾರದು, ಕಾಲುಭಾಗದಂತೆ ಬಿಡುತ್ತ ಆ ಜಾಗದಲ್ಲಿ ಹಿತವನ್ನು ತುಂಬಬೇಕು ಎಂಬುದು ಚರಕೋಕ್ತವಾದ ಪಾದಾಂಶಿಕ ಕ್ರಮ. ಹೀಗೆ ಮೆಲ್ಲನೆ ಬಿಟ್ಟ ದೋಷ ಮರಳುವುದಿಲ್ಲ, ಮೆಲ್ಲನೆ ಗಳಿಸಿದ ಗುಣ ಅಲುಗುವುದಿಲ್ಲ. ಮೊಬೈಲನ್ನು ಕಿತ್ತುಕೊಂಡು ಬೀರುವಿನಲ್ಲಿಟ್ಟರೆ ಮನೆಯಲ್ಲಿ ಕೋಪ, ಸುಳ್ಳು, ಕೆಲವೊಮ್ಮೆ ಅದಕ್ಕಿಂತ ಕೆಟ್ಟ ಪರಿಣಾಮಗಳು ಹುಟ್ಟುತ್ತವೆ. ಮೇಲೆ ಹೇಳಿದ ತರುಣನಿಗೆ ಒಂದೊಂದು ಹಂತಕ್ಕೆ ಒಂದು ವಾರದಂತೆ ವಿಧಿಸಿದ ಕ್ರಮ ಇದು.

ಮೊದಲ ವಾರ: ಆಟ ಎರಡರ ಬದಲು ಒಂದು ಗಂಟೆಗೆ ಮುಗಿಯಬೇಕು. ಅಂಗಾಲಿಗೆ ಎಳ್ಳೆಣ್ಣೆ ತಿಕ್ಕಿ ಮಲಗಬೇಕು. ಪಾದಾಭ್ಯಂಗವು ನಿದ್ರೆಗೂ ಕಣ್ಣಿಗೂ ಹಿತ.

ಎರಡನೆಯ ವಾರ: ಹನ್ನೆರಡಕ್ಕೆ ಮುಗಿಯಬೇಕು. ಮೊಬೈಲನ್ನು ನಡುಮನೆಯಲ್ಲಿ ಚಾರ್ಜಿಗೆ ಹಾಕಬೇಕು. ಮನೆಯ ಎಲ್ಲರ ಮೊಬೈಲುಗಳೂ ಅಲ್ಲೇ ಇರಬೇಕು. ಭಾನುವಾರ ಸಮವಸ್ತ್ರ ತೊಟ್ಟು ಸೇವೆಗೆ ಮರಳಬೇಕು.

ಮೂರನೆಯ ವಾರ: ಹನ್ನೊಂದಕ್ಕೆ ಮುಗಿಯಬೇಕು. ಸಂಜೆ ಅರ್ಧ ಗಂಟೆ ನಡಿಗೆ.

ನಾಲ್ಕನೆಯ ವಾರ: ಉಳಿದ ಒಂದು ಗಂಟೆಯ ಆಟವನ್ನು ತೆಗೆಯುವುದಲ್ಲ, ಊಟಕ್ಕೆ ಮುಂಚಿನ ಏಳರಿಂದ ಎಂಟಕ್ಕೆ ಸ್ಥಳಾಂತರಿಸುವುದು. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಬೇಕು. ರಾತ್ರಿ ಹತ್ತೂವರೆಯೊಳಗೆ ಹಾಸಿಗೆ.

ಮೂರನೆಯ ವಾರ ಒಂದು ಪಂದ್ಯಾವಳಿಗಾಗಿ ಅವನು ಒಂದು ರಾತ್ರಿ ಕ್ರಮ ತಪ್ಪಿದ. ಮನೆಯವರು ಗದ್ದಲ ಮಾಡಲಿಲ್ಲ. ವಾಗ್ಭಟರ ಅರ್ಧ ನಿದ್ರೆಯ ಸೂತ್ರವನ್ನು ಪಾಲಿಸಿ ಮತ್ತೆ ಮುಂದುವರಿದರು. ಆರನೆಯ ವಾರದ ಹೊತ್ತಿಗೆ ಬೆಳಗಿನ ಹಸಿವು ಮರಳಿತು. ಮಲಬದ್ಧತೆಗೆ ಕೊಟ್ಟಿದ್ದ ತ್ರಿಫಲಾ ಚೂರ್ಣವನ್ನು ನಿಲ್ಲಿಸಲಾಯಿತು. ಅವನು ಆಟವನ್ನು ಬಿಟ್ಟಿಲ್ಲ. ಬಿಡಬೇಕಾದ ಅಗತ್ಯವೂ ಉಳಿದಿಲ್ಲ.

ತಜ್ಞರ ನೆರವು ಯಾವಾಗ?

ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲ ಕೆಲಸಕ್ಕಿಂತ ಆಟವೇ ಮೇಲಾಗುವುದು, ಹಾನಿ ಕಂಡರೂ ಮುಂದುವರಿಸುವುದು ಈ ಮೂರು ಲಕ್ಷಣಗಳು ಸಾಮಾನ್ಯವಾಗಿ 12 ತಿಂಗಳು ಇದ್ದು ಬದುಕನ್ನು ಕೆಡಿಸಿದರೆ, ವಿಶ್ವ ಆರೋಗ್ಯ ಸಂಸ್ಥೆ ಅದನ್ನು ವ್ಯಾಧಿಯೆಂದೇ ಗುರುತಿಸುತ್ತದೆ. 2022ರ ಜನವರಿಯಿಂದ ಜಾರಿಯಲ್ಲಿರುವ ರೋಗಪಟ್ಟಿಯಲ್ಲಿ ಇದು ಸೇರಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ಶಟ್ ಕ್ಲಿನಿಕ್ ಇದೆ. ಊಟ ಬಿಡುವುದು, ಮನೆಯ ಹಣ ಕಾಣೆಯಾಗುವುದು, ಕೈಯೆತ್ತುವುದು, ಬದುಕು ಬೇಡವೆಂಬ ಮಾತು ಇವುಗಳಲ್ಲಿ ಒಂದು ಕಂಡರೂ ಹನ್ನೆರಡು ತಿಂಗಳು ಕಾಯಬಾರದು, ಮನೆಮದ್ದಿಗೂ ಇಳಿಯಬಾರದು. 14416 ಎಂಬ ಟೆಲಿಮಾನಸ್ ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಇಷ್ಟೊಂದು ತೀವ್ರವಲ್ಲದ ಮನೆಗಳಲ್ಲಿ, ಮಗ ಅಥವಾ ಮಗಳು ನಾಳೆ ಬೆಳಗ್ಗೆ ಎದ್ದಾಗ ಮೇಲೆ ಹೇಳಿದ ನಾಲ್ಕು ಚಿಹ್ನೆಗಳನ್ನು ಗಮನಿಸಿ, ಅನಂತರ ಯಾವ ಹವ್ಯಾಸವನ್ನು ಎಷ್ಟು ಕಡಿಮೆ ಮಾಡಬೇಕೆಂದು ಮಕ್ಕಳೊಡನೆ ಕುಳಿತು ತೀರ್ಮಾನಿಸಬೇಕೆಂದು ಕೋರುತ್ತೇನೆ.