ಮೈಯೇ ಮಂತ್ರದ ಹೊತ್ತಗೆ: ಹಚ್ಚೆ ಮಾಂತ್ರಿಕರನ್ನು ಆಡಿಸಲು ಹತ್ತು ಸೂತ್ರಗಳು

1974ರಲ್ಲಿ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಬಂದಾಗಿನಿಂದ ಫ್ಯಾಂಟಸಿ ಆಟಗಳ ಮಾಂತ್ರಿಕನ ಕಂಕುಳಲ್ಲಿ ಒಂದು ಪುಸ್ತಕ ಇದ್ದೇ ಇದೆ. ಅದರಿಂದ ಮಂತ್ರ ಬಾಯಿಪಾಠ ಮಾಡಿಕೊಳ್ಳಬೇಕು, ಪ್ರಯೋಗಿಸಿದ ಕೂಡಲೇ ಅದು ಮನಸ್ಸಿನಿಂದ ಅಳಿಸಿಹೋಗಬೇಕು. ಜ್ಯಾಕ್ ವ್ಯಾನ್ಸ್ ಕಥೆಗಳಿಂದ ಎರವಲು ತಂದ ಕ್ರಮವಿದು. ಅದು ಹಳಸಲು ಅನ್ನಿಸಿದ್ದರೆ ಹಚ್ಚೆ ಒಳ್ಳೆಯ ಬದಲಿ. ಆದರೆ “ತೋಳಿನ ಮೇಲೆ ಹುಲಿ ಇದೆ, ಕರೆದೆ, ಬಂತು” ಅಂತ ಬಿಟ್ಟರೆ ಎರಡನೇ ವಾರಕ್ಕೇ ಆಟ ಸಪ್ಪೆಯಾಗುತ್ತದೆ. ಹಚ್ಚೆ ವಿದ್ಯೆಯ ರುಚಿಯೆಲ್ಲ ಅದರ ಇಕ್ಕಟ್ಟುಗಳಲ್ಲಿದೆ. ಆಟ ನಡೆಸುವ ಗೇಮ್ ಮಾಸ್ಟರ್‌ಗಳಿಗೆ ಇಲ್ಲಿವೆ ಹತ್ತು ಸೂತ್ರ.

1. ಚರ್ಮವನ್ನು ಸೈಟಿನ ಹಾಗೆ ಅಳೆಯಿರಿ

‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಟದ 2020ರ ‘ಟಾಶಾಸ್ ಕಾಲ್ಡ್ರನ್ ಆಫ್ ಎವ್ರಿಥಿಂಗ್’ ಪುಸ್ತಕದಲ್ಲಿ ಇದಕ್ಕೊಂದು ಪಟ್ಟಿಯೇ ಇದೆ. ಸಾಮಾನ್ಯ ಹಚ್ಚೆಗೆ ಒಂದು ಹಸ್ತ ಅಥವಾ ಪಾದ ಸಾಕು. ಅಪರೂಪದ್ದಕ್ಕೆ ಇಡೀ ತೋಳೋ ಕಾಲೋ ಬೇಕು. ಅತಿ ಅಪರೂಪದ್ದಾದರೆ ಎದೆ, ಬೆನ್ನಿನ ಮೇಲ್ಭಾಗ, ಇಲ್ಲವೇ ಎರಡು ಅಂಗಗಳು. ಪುಸ್ತಕದಲ್ಲಿ ಇದು ಬರೀ ಕಣ್ಣಳತೆ. ನೀವು ಕಟ್ಟುನಿಟ್ಟಿನ ನಿಯಮ ಮಾಡಿ. ಕ್ಯಾರೆಕ್ಟರ್ ಶೀಟಿನ ಹಿಂಬದಿಯಲ್ಲಿ ಮನುಷ್ಯಾಕೃತಿ ಬರೆಸಿ, ಹಚ್ಚೆ ಬಿದ್ದ ಜಾಗಕ್ಕೆ ಪೆನ್ಸಿಲಿನಲ್ಲಿ ಬಣ್ಣ ತುಂಬಿಸಿ. ಖಾಲಿ ಜಾಗ ಕಮ್ಮಿಯಾಗುತ್ತಾ ಬಂದಂತೆ ಆಟಗಾರರು ತಾವಾಗಿಯೇ ಚೌಕಾಸಿಗೆ ಇಳಿಯುತ್ತಾರೆ.

2. ಒಂದು ಸಲದ್ದೋ, ಉಳಿಯುವಂಥದ್ದೋ? ಮೊದಲೇ ಹೇಳಿ

ಅದೇ ಪುಸ್ತಕದ ‘ಸ್ಪೆಲ್‌ರಾಟ್’ ಹಚ್ಚೆ ಐದನೇ ಲೆವೆಲ್‌ವರೆಗಿನ ಒಂದು ಮಂತ್ರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಮ್ಮೆ ಪ್ರಯೋಗಿಸಿದರೆ ಮುಗಿಯಿತು, ಮೈಯಿಂದ ಮಾಯ. ಮಿಕ್ಕವು ಉಳಿಯುವ ಜಾತಿ. ಮಾಯಾಸೂಜಿಯನ್ನು ಚರ್ಮಕ್ಕೊತ್ತಿ ಅದರೊಂದಿಗೆ ನಂಟು ಬೆಸೆಯುತ್ತ ಕೂತರೆ ಸೂಜಿಯೇ ಶಾಯಿಯಾಗಿ ಇಳಿಯುತ್ತದೆ. ನಂಟು ಕಡಿದರೆ ಹಚ್ಚೆ ಅಳಿದು ಸೂಜಿ ಮತ್ತೆ ಕೈಗೆ ಬರುತ್ತದೆ. ಎರಡೂ ಜಾತಿ ಬಳಕೆಯಲ್ಲಿರಲಿ: ಮೊದಲನೆಯದು ದಿನದ ಖರ್ಚಿಗೆ, ಎರಡನೆಯದು ಪಾತ್ರದ ಗುರುತಿಗೆ.

3. ಮಿತಿ ಮೀರಿದರೆ ಏನಾಗುತ್ತದೆಂದು ಬರೆದಿಡಿ

“ಇನ್ನು ಹಾಕಿಸಿಕೊಳ್ಳುವ ಹಾಗಿಲ್ಲ” ಎಂಬ ನಿಯಮ ನೀರಸ. “ಹಾಕಿಸಿಕೊಂಡು ನೋಡು” ಎಂಬುದರಲ್ಲಿ ಕಥೆ ಇದೆ. 2004ರ ‘ಎಕ್ಸ್‌ಪ್ಯಾಂಡೆಡ್ ಸೈಯಾನಿಕ್ಸ್ ಹ್ಯಾಂಡ್‌ಬುಕ್’ನಲ್ಲಿ ಮೈಮೇಲೆ 20 ಸೈಯಾನಿಕ್ (ಮನೋಶಕ್ತಿಯ) ಹಚ್ಚೆಗಳಿಗಷ್ಟೇ ಅವಕಾಶ. ಒಂದು ಹೆಚ್ಚಾದರೂ ಅಷ್ಟೂ ಒಟ್ಟಿಗೇ ಸಿಡಿಯುತ್ತವೆ. ನಿಮ್ಮ ಆಟದಲ್ಲಿ ಸಂಖ್ಯೆಯನ್ನು ಆರಕ್ಕೋ ಎಂಟಕ್ಕೋ ಇಳಿಸಿ, ಭಯ ಹಾಗೇ ಇರಲಿ.

4. ಬಣ್ಣಕ್ಕೆ ಕೆಲಸ ಕೊಡಿ

ಟಾಶಾ ಪುಸ್ತಕದ ‘ಅಬ್ಸಾರ್ಬಿಂಗ್’ ಹಚ್ಚೆಯಲ್ಲಿ ಕೆಂಪು ಬೆಂಕಿಯನ್ನು ತಡೆಯುತ್ತದೆ, ನೀಲಿ ಚಳಿಯನ್ನು, ಹಸಿರು ಆಸಿಡ್ಡನ್ನು, ಹಳದಿ ಸಿಡಿಲನ್ನು. ಬಣ್ಣ ಕಂಡರೆ ಸಾಕು, ಎದುರಾಳಿಯ ರಕ್ಷಣೆ ಏನೆಂದು ಆಟಗಾರರು ಊಹಿಸಬಹುದು. ಹಾಗೆ ಊಹಿಸಿದವರಿಗೆ ಫಲ ಸಿಗಲಿ.

5. ಹಚ್ಚೆ ಎಚ್ಚರಗೊಳ್ಳುವುದನ್ನು ಕಣ್ಣಿಗೆ ಕಟ್ಟಿಸಿ

ಅದೇ ಪುಸ್ತಕದ ‘ಕಾಯಿಲಿಂಗ್ ಗ್ರಾಸ್ಪ್’ ಹಚ್ಚೆ ತೋಳಿನಿಂದ ಮಸಿಯ ಬಳ್ಳಿಗಳನ್ನು ಚಾಚಿ 15 ಅಡಿಯೊಳಗಿನ ಶತ್ರುವನ್ನು ಹಿಡಿಯುತ್ತದೆ. ಶತ್ರು 14ರ ಸ್ಟ್ರೆಂತ್ ಸೇವ್ ಗೆಲ್ಲದಿದ್ದರೆ ಮೂರು ಆರುಮುಖದ ಡೈಸ್‌ನಷ್ಟು ಪೆಟ್ಟು, ಮೇಲೆ ಬಿಗಿ ಹಿಡಿತ. “ಸೇವ್ ಹೋಯ್ತು, 11 ಡ್ಯಾಮೇಜ್” ಎಂದು ಮುಗಿಸಬೇಡಿ. ಮೊಣಕೈಯ ಬಳಿ ಚರ್ಮ ಉಬ್ಬಿತು, ಗೆರೆಗಳು ಜೋತುಬಿದ್ದವು, ಕಾವಲುಗಾರನ ಕುತ್ತಿಗೆಗೆ ಸುತ್ತಿಕೊಂಡವು, ನಿನ್ನ ತೋಳು ಈಗ ಬೋಳುಬೋಳು ಅನ್ನಿ. ಎರಡು ವಾಕ್ಯ ಸಾಕು. ಬಳ್ಳಿಗಳು ಹೊರಗಿರುವಷ್ಟು ಹೊತ್ತು ಆ ತೋಳಿನಿಂದ ಬೇರೆ ಕೆಲಸ ಆಗುವುದಿಲ್ಲ ಎಂಬ ಮನೆನಿಯಮವನ್ನೂ ಸೇರಿಸಬಹುದು.

6. ಬಟ್ಟೆಯೂ ಲೆಕ್ಕಕ್ಕೆ ಬರಲಿ

ಹಚ್ಚೆ ಪ್ರಯೋಗಕ್ಕೆ ಬರಿ ಚರ್ಮ ಬೇಕು ಎನ್ನಿ. ಹಿಮದ ಕಣಿವೆಯಲ್ಲಿ ಎದೆಯ ಹಚ್ಚೆ ಬಳಸಬೇಕಾದರೆ ಉಣ್ಣೆ ಅಂಗಿ ಬಿಚ್ಚಬೇಕು. ಊರಬಾಗಿಲಲ್ಲಿ ಕಾವಲುಗಾರರು ಅಂಗಿಯ ತೋಳು ಮಡಚಿಸಿ ನೋಡುತ್ತಾರೆ. ‘ಫರ್ಗಾಟನ್ ರೆಲ್ಮ್ಸ್’ ಲೋಕದಲ್ಲಿ ಬೋಳುತಲೆ, ಹಚ್ಚೆ ಕಂಡರೆ ಜನರಿಗೆ ಥೇ ದೇಶದ ರೆಡ್ ವಿಝರ್ಡ್‌ಗಳ ನೆನಪಾಗುತ್ತದೆ. ಬಚ್ಚಿಡುವ ಜಾಣ್ಮೆಗೂ ಅವಕಾಶವಿರಲಿ: ‘ಪಾತ್‌ಫೈಂಡರ್’ನ ಟ್ಯಾಟೂಡ್ ಸಾರ್ಸರರ್ ತನ್ನ ಸಾಕುಪ್ರಾಣಿಯನ್ನೇ ಹಚ್ಚೆಯಾಗಿಸಿ ಮೈಮೇಲೆ ಇಟ್ಟುಕೊಳ್ಳಬಲ್ಲ.

7. ಗಾಯವಾದರೆ ಶಕ್ತಿಗೂ ಪೆಟ್ಟು ಬೀಳಲಿ

ಸರಳ ಮನೆನಿಯಮ: ಶತ್ರುವಿನ ಡೈಸ್‌ನಲ್ಲಿ 20 ಬಿದ್ದರೆ, ಇನ್ನೊಂದು ಆರುಮುಖದ ಡೈಸ್ ಎಸೆದು ಪೆಟ್ಟು ಬಿದ್ದ ಅಂಗ ಯಾವುದೆಂದು ನೋಡಿ. ತಲೆ, ಮುಂಡ, ಎರಡು ಕೈ, ಎರಡು ಕಾಲು, ಒಟ್ಟು ಆರು. ಅಲ್ಲಿನ ಹಚ್ಚೆ ರಾತ್ರಿಯ ವಿಶ್ರಾಂತಿ ಆಗುವವರೆಗೆ ಮೂಕ. ಪೂರ್ತಿ ಕಿತ್ತುಕೊಳ್ಳಬೇಡಿ, ದುಡಿದು ಸಂಪಾದಿಸಿದ್ದನ್ನು ಒಂದು ಡೈಸ್ ನುಂಗಿದರೆ ಆಟಗಾರರು ಮುನಿಸಿಕೊಳ್ಳುತ್ತಾರೆ.

8. ಹಚ್ಚೆ ಹಾಕುವವರನ್ನು ಅಂಗಡಿಯಾಗಿಸಬೇಡಿ, ಪಾತ್ರವಾಗಿಸಿ

1999ರ ಕಂಪ್ಯೂಟರ್ ಆಟ ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’ನ ಫೆಲ್ ಇದಕ್ಕೆ ಮಾದರಿ. ಸಿಗಿಲ್ ನಗರದ ಈ ಹಚ್ಚೆಗಾರನಿಗೆ ಮಾತಿಲ್ಲ, ಹೇಳಬೇಕಾದ್ದು ತಲೆಯ ಮೇಲೆ ಚಿತ್ರಗಳಾಗಿ ಮೂಡುತ್ತದೆ. ನಾಯಕನ ಸಾಹಸಗಳಿಗೆ ತಕ್ಕಂತೆ ಅವನ ಬಳಿ ಹೊಸ ಹಚ್ಚೆಗಳು ಬರುತ್ತವೆ. ಈ ಕ್ರಮವನ್ನು ಹಾಗೇ ಎತ್ತಿಕೊಳ್ಳಿ. ಸೇತುವೆ ಕಾದವನಿಗೆ ಸೇತುವೆಯ ಹಚ್ಚೆ, ಗೆಳೆಯನನ್ನು ಕಳೆದುಕೊಂಡವಳಿಗೆ ಅವನ ಹೆಸರಿನದು. ಮೂರು ತಿಂಗಳ ಕ್ಯಾಂಪೇನ್ ಮೈಮೇಲೆ ಓದಿಸಿಕೊಳ್ಳುತ್ತದೆ.

9. ಕೆಲವು ಹಚ್ಚೆಗಳಿಗೆ ಬೇರೆ ಯಜಮಾನರಿರಲಿ

1988ರ ‘ಅಝೂರ್ ಬಾಂಡ್ಸ್’ ಕಾದಂಬರಿಯ ಏಲಿಯಾಸ್ ಎಂಬ ಕತ್ತಿಗಾರ್ತಿಗೆ ತೋಳಿನ ನೀಲಿ ಹಚ್ಚೆ ಎಲ್ಲಿಂದ ಬಂತೆಂಬುದೇ ನೆನಪಿಲ್ಲ. ಅದನ್ನು ಹಾಕಿದವರ ಇಚ್ಛೆಯಂತೆ ಅವಳ ಕೈ ಓಡುತ್ತದೆ. ಮರುವರ್ಷ ಅದನ್ನು ಆಧರಿಸಿ ಬಂದ ಕಂಪ್ಯೂಟರ್ ಆಟದಲ್ಲಿ ಆಟಗಾರರ ಇಡೀ ತಂಡದ ಮೈಮೇಲೆ ಇಂಥ ಐದು ಬಂಧಗಳು. ಕಥೆಗೆ ಬಲವಾದ ಕೊಕ್ಕೆ ಇದು. ಆದರೆ ಆಟಗಾರರ ಒಪ್ಪಿಗೆ ಕೇಳಿಯೇ ಹಾಕಿ, ತಮ್ಮ ಪಾತ್ರದ ಲಗಾಮನ್ನು ಯಾರೂ ಸುಮ್ಮನೆ ಬಿಟ್ಟುಕೊಡುವುದಿಲ್ಲ.

10. ನಿಜವಾದ ಸಂಪ್ರದಾಯದಿಂದ ಕಲಿಯಿರಿ, ಕದಿಯಬೇಡಿ

ಥಾಯ್ಲೆಂಡಿನ ಸಕ್ ಯಂತ್ ಹಚ್ಚೆಯನ್ನು ಮಂತ್ರ ಹೇಳುತ್ತ ಚುಚ್ಚುತ್ತಾರೆ. ಹಾಕಿಸಿಕೊಂಡವರಿಗೆ ಪಾಲಿಸಬೇಕಾದ ನೇಮಗಳಿವೆ, ಮುರಿದರೆ ಶಕ್ತಿ ಕುಂದುತ್ತದೆ ಎಂಬ ನಂಬಿಕೆ. ಆಟಕ್ಕೆ ಇದಕ್ಕಿಂತ ಒಳ್ಳೆಯ ನಿಯಮ ಬೇಕೇ? ನೇಮದ ಯೋಚನೆಯನ್ನು ತೆಗೆದುಕೊಳ್ಳಿ, ಅವರ ಪವಿತ್ರ ವಿನ್ಯಾಸವನ್ನು ಬಿಡಿ. ಮಾವೋರಿ ಜನರ ತಾ ಮೋಕೊ ವಂಶಾವಳಿಯನ್ನು ಹೇಳುತ್ತದೆ, ಅದನ್ನು ಖಳನ ಮುಖಕ್ಕೆ ಅಂಟಿಸುವುದು ಸಲ್ಲದು. ನಮ್ಮಲ್ಲೂ ಕಣಿ ಹೇಳುತ್ತ, ಹಚ್ಚೆ ಹಾಕುತ್ತ ಊರೂರು ತಿರುಗಿದ ಕೊರವಂಜಿಯರಿದ್ದರು. ಕನ್ನಡದಲ್ಲಿ ಆಡಿಸುವವರು ಭವಿಷ್ಯ ಕಂಡು ಚುಚ್ಚುವ ಹಚ್ಚೆಗಾರ್ತಿಯನ್ನು ಗೌರವದಿಂದ ಸೃಷ್ಟಿಸಬಹುದು.

ಹತ್ತನ್ನೂ ಒಂದೇ ದಿನ ತುರುಕಬೇಡಿ. ಮುಂದಿನ ಆಟಕ್ಕೆ ಒಂದನೆಯದು, ಮೂರನೆಯದು, ಎಂಟನೆಯದು ಸಾಕು: ಅಳತೆ, ಅಪಾಯ, ಹಚ್ಚೆಗಾರ. ಈ ಮೂರು ಗಟ್ಟಿಯಾದರೆ ಉಳಿದದ್ದನ್ನು ನಿಮ್ಮ ಆಟಗಾರರೇ ಕೇಳಿ ಹಾಕಿಸಿಕೊಳ್ಳುತ್ತಾರೆ.